ಥರ್ಮೋಕೋಲ್ ಏಸಿಯ ಲೆಕ್ಕಾಚಾರ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆಗಳಿಂದ ರಾತ್ರಿ ಹತ್ತಾದರೂ ಧಗೆ ಹೋಗುವುದಿಲ್ಲ. ಥರ್ಮೋಕೋಲ್ ಡಬ್ಬಿಯ ಮುಚ್ಚಳಕ್ಕೆ ಸಣ್ಣ ಫ್ಯಾನನ್ನೂ ಪಿವಿಸಿ ಪೈಪಿನ ಎಲ್ಬೋಗಳನ್ನೂ ಕೂರಿಸಿ, ಒಳಗೆ ಮಂಜುಗಡ್ಡೆ ತುಂಬಿ ‘ಏಸಿ’ ಮಾಡಿಕೊಳ್ಳುವ ವಿಡಿಯೋಗಳು ಮೊಬೈಲುಗಳಲ್ಲಿ ಹರಿದಾಡುವುದೂ ಆಗಲೇ. ಪೈಪಿನ ಬಾಯಿಗೆ ಕೈಯೊಡ್ಡಿದರೆ ತಣ್ಣನೆಯ ಗಾಳಿ ಬರುವುದು ನಿಜ. ಆದರೆ ಕೈ ತಣ್ಣಗಾಗುವುದು ಬೇರೆ, ಕೋಣೆ ತಣ್ಣಗಾಗುವುದು ಬೇರೆ.

ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಕರಗಿದ ನೀರು 25 ಡಿಗ್ರಿಗೆ ಏರುವಷ್ಟರಲ್ಲಿ ಇನ್ನೂ 105 ಕಿಲೋಜೂಲ್. ಡಬ್ಬಿಯಲ್ಲಿ ಮೂರು ಕಿಲೋ ಇಟ್ಟು ಅದು ಒಂದು ಗಂಟೆಯಲ್ಲಿ ಮುಗಿಯಿತೆಂದರೆ ಸಿಕ್ಕ ತಂಪು ಸುಮಾರು 365 ವ್ಯಾಟ್. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುವುದರಿಂದ, ಈ ಯಂತ್ರವನ್ನು ನೋಡಲು ನಾಲ್ಕು ಜನ ನೆಂಟರು ಬಂದು ಕುಳಿತರೆ ಲೆಕ್ಕ ಅಲ್ಲಿಗೇ ಚುಕ್ತಾ! ಒಂದು ಟನ್ನಿನ ಏಸಿಯ ಸಾಮರ್ಥ್ಯ ಸುಮಾರು 3,500 ವ್ಯಾಟ್. ಆ ‘ಟನ್’ ಎಂಬ ಅಳತೆ ಹುಟ್ಟಿದ್ದೂ ಮಂಜುಗಡ್ಡೆಯಿಂದಲೇ: 2,000 ಪೌಂಡ್, ಅಂದರೆ 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗಿ ಕೊಡುವಷ್ಟು ತಂಪು ಅದು. ಗಂಟೆಗೆ ಸುಮಾರು 38 ಕಿಲೋ ಆಯಿತು.

ಹಾಗಾದರೆ ವಿಡಿಯೋದವರು ಸುಳ್ಳು ಹೇಳುತ್ತಾರೆಯೇ? ಪೂರ್ತಿ ಅಲ್ಲ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಮೂವತ್ತು ಕಿಲೋಗಿಂತ ತುಸು ಹೆಚ್ಚಷ್ಟೆ. ಅದನ್ನು ಹತ್ತು ಡಿಗ್ರಿ ಇಳಿಸಲು ಒಂದು ಕಿಲೋ ಮಂಜುಗಡ್ಡೆ ಸಾಕು. ತೊಡಕಿರುವುದು ಗಾಳಿಯಲ್ಲಲ್ಲ, ತಲೆಯ ಮೇಲಿನ ಸ್ಲ್ಯಾಬಿನಲ್ಲಿ. ನಾಲ್ಕಂಗುಲ ದಪ್ಪದ ಆ ಕಾಂಕ್ರೀಟು ಎರಡು ಟನ್ನಿಗೂ ಮಿಕ್ಕಿ ತೂಗುತ್ತದೆ; ಅದೊಂದನ್ನೇ ಒಂದೇ ಒಂದು ಡಿಗ್ರಿ ತಣಿಸಲು ಸುಮಾರು ನಾಲ್ಕೂವರೆ ಕಿಲೋ ಮಂಜುಗಡ್ಡೆ ಬೇಕು. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಮತ್ತು ಗೋಡೆಗಳು, ಗಾಳಿ ತಣಿದಷ್ಟೂ ಅದಕ್ಕೆ ಮತ್ತೆ ಶಾಖ ತುಂಬುತ್ತಲೇ ಇರುತ್ತವೆ.

ಮಂಜುಗಡ್ಡೆಯನ್ನು ಮನೆಯ ಫ್ರಿಜ್ಜಿನಲ್ಲೇ ಮಾಡಿಕೊಂಡರಂತೂ ನಷ್ಟವೇ. ನೀರಿನಿಂದ ತೆಗೆದ ಶಾಖವನ್ನೂ, ಅದಕ್ಕಾಗಿ ಉರಿಸಿದ ವಿದ್ಯುತ್ತಿನ ಶಾಖವನ್ನೂ ಫ್ರಿಜ್ಜು ಅಡುಗೆಮನೆಗೇ ಬಿಡುವುದರಿಂದ ಒಟ್ಟಾರೆ ಮನೆ ಕಾಯುತ್ತದೆ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು, ಪೈಪನ್ನು ಹಾಸಿಗೆಯ ಕಡೆ ತಿರುಗಿಸಿಕೊಂಡರೆ ಅರ್ಧ ಮುಕ್ಕಾಲು ಗಂಟೆ ಮುಖಕ್ಕೆ ಹಿತವೆನಿಸೀತು.

ದಾವಣಗೆರೆ, ಚಿತ್ರದುರ್ಗಗಳ ಒಣ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ದಾರಿ ನೀರು ಆವಿಯಾಗುವುದರಲ್ಲಿದೆ. ಒಂದು ಲೀಟರ್ ನೀರು ಆರಿಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ, ಅಂದರೆ ಅಷ್ಟೇ ತೂಕದ ಮಂಜುಗಡ್ಡೆ ಕರಗುವುದರ ಏಳು ಪಟ್ಟು. ಮಣ್ಣಿನ ಮಡಕೆಯೂ ಕೂಲರೂ ನಂಬಿರುವುದು ಇದನ್ನೇ. ಕೂಲರಿನ ತೊಟ್ಟಿಗೆ ಮಂಜುಗಡ್ಡೆ ಸುರಿಯುವುದರಿಂದ ಹೆಚ್ಚಿನ ಲಾಭವಿಲ್ಲ. ತಣ್ಣಗಾದ ನೀರು ಆವಿಯಾಗುವುದೂ ಕಡಿಮೆ. ಕಿಟಕಿ ಮಾತ್ರ ತೆರೆದಿರಬೇಕು, ಇಲ್ಲವಾದರೆ ತೇವ ಒಳಗೇ ನಿಂತು ಸೆಕೆ ಹೆಚ್ಚುತ್ತದೆ. ಇನ್ನು ಆ ಸ್ಲ್ಯಾಬಿನ ವಿಷಯ: ನಾಲ್ಕೂವರೆ ಕಿಲೋ ಮಂಜುಗಡ್ಡೆ ಹೀರುವಷ್ಟು ಶಾಖವನ್ನು, ಸಂಜೆ ತಾರಸಿಯ ಮೇಲೆ ಚಿಮುಕಿಸಿದ ಒಂದು ಚೊಂಬು ನೀರು ಆರುವಾಗಲೇ ಎಳೆದುಕೊಳ್ಳುತ್ತದೆ. ನೀರಿಗೆ ಬರವಿರುವ ನಮ್ಮ ಕಡೆ ಅದಕ್ಕೆ ಬಟ್ಟೆ ಜಾಲಿಸಿದ ನೀರಾದರೂ ನಡೆಯುತ್ತದೆ.