ಉಬುಂಟುಗೆ ಜಾಗ ಬಿಡಿಸುವ ಮುನ್ನ: ವಿಂಡೋಸ್ ಡ್ರೈವ್ ಸಿದ್ಧತೆಯ ಟಿಪ್ಪಣಿ

ವಿಂಡೋಸ್ 11 ಮತ್ತು ಒಂದೇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ಅನ್ನೂ ಹಾಕಿಕೊಳ್ಳುವವರಿಗೆ ಈ ಟಿಪ್ಪಣಿ. ಉಬುಂಟು ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಹಾಕುವ ಮೊದಲೇ ವಿಂಡೋಸ್ ಒಳಗೆ ಮುಗಿಸಬೇಕಾದ ಕೆಲಸಗಳಿವು. ಹಿಂದುಮುಂದು ಮಾಡಿದರೆ ವಿಂಡೋಸೇ ತೆರೆಯದೆ ನಿಲ್ಲಬಹುದು.

ಬ್ಯಾಕಪ್ ಹೊರಗಿನ ಡಿಸ್ಕಿಗೇ ಆಗಬೇಕು. ಅದೇ ಎಸ್‌ಎಸ್‌ಡಿಯ ಡಿ ಡ್ರೈವಿಗೆ ನಕಲು ಮಾಡಿಟ್ಟರೆ, ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ.

ಬಿಟ್‌ಲಾಕರ್. ಇದು ಡ್ರೈವಿನ ಮಾಹಿತಿಯನ್ನು ಗೂಢಲಿಪಿಯಾಗಿಸಿ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ನೋಡಿ. ನೀವು ಆನ್ ಮಾಡಿಲ್ಲವೆಂದು ಬಿಡಬೇಡಿ. ವಿಂಡೋಸ್ 11ರ 24ಎಚ್2 ಬಿಡುಗಡೆ ಹೊಸದಾಗಿ ಇನ್‌ಸ್ಟಾಲ್ ಆಗಿದ್ದರೆ ಹೋಮ್ ಆವೃತ್ತಿಯಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದಾಗ ತಾನಾಗಿಯೇ ಆನ್ ಆಗಿರಬಹುದು. 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಆಮೇಲೆ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿಯಾಗುವವರೆಗೆ ಕಾಯಿರಿ. ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್ಸ್) ಮುಟ್ಟುವ ಮೊದಲೇ ಇದು ಮುಗಿದಿರಲಿ: ಅಲ್ಲಿನ ಬದಲಾವಣೆ ಕಂಡರೆ ಟಿಪಿಎಂ ಎಂಬ ಭದ್ರತಾ ಚಿಪ್ ಕೀಲಿ ಬಿಡುವುದಿಲ್ಲ, ಆಗ ಪರದೆಯ ಮೇಲೆ ಬರುವುದು ಆ 48 ಅಂಕಿಗಳ ಬೇಡಿಕೆ.

ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ‘ಶಟ್ ಡೌನ್’ ಒತ್ತಿದರೂ ವಿಂಡೋಸ್ ಕರ್ನಲ್ (ಅದರ ತಿರುಳು) ಹೈಬರ್ನೇಟ್ ಆಗುತ್ತದೆ, ಅಂದರೆ ಪೂರ್ತಿ ಮುಚ್ಚದೆ ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ; ವಿಂಡೋಸ್ ಡ್ರೈವಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಅರ್ಧ ತೆರೆದ ಸ್ಥಿತಿಯಲ್ಲೇ ಉಳಿಯುತ್ತದೆ. ಆ ಡ್ರೈವಿಗೆ ಲಿನಕ್ಸ್‌ನಿಂದ ಬರೆದರೆ ಫೈಲುಗಳು ಹಾಳಾಗಬಹುದು. ಅಡ್ಮಿನ್ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯಿಂದ ಹೈಬರ್ನೇಷನ್ ಅನ್ನೇ ಆಫ್ ಮಾಡಿ. ಹಲವು ಜಿಬಿಯ ಹೈಬರ್‌ಫಿಲ್ ಫೈಲೂ ಅಳಿಯುತ್ತದೆ.

ಶ್ರಿಂಕ್, ಅಂದರೆ ಸಿ ಡ್ರೈವನ್ನು ಕುಗ್ಗಿಸುವುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಉಬುಂಟು ಕೇಳುವುದು 25 ಜಿಬಿ, ನೆಮ್ಮದಿಯಾಗಿ ಬಳಸಲು 60 ಬೇಕು. ಲೆಕ್ಕ ಎಂಬಿಯಲ್ಲಿರುವುದರಿಂದ 61440 ಎಂದು ತುಂಬಿ.

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ದರೂ ಶ್ರಿಂಕ್‌ಗೆ ಸಿಗುವುದು ಕೆಲವೇ ಜಿಬಿ ಎಂದು ತೋರಿಸಬಹುದು. ಶ್ರಿಂಕ್ ಡ್ರೈವಿನ ಕೊನೆಯಿಂದ ಹಿಂದಕ್ಕೆ ಬರುತ್ತದೆ, ಜರುಗಿಸಲಾಗದ ಮೊದಲ ಫೈಲ್ ಎದುರಾದಲ್ಲಿ ನಿಲ್ಲುತ್ತದೆ. ಯಾವ ಫೈಲೆಂದು ಊಹಿಸಬೇಕಿಲ್ಲ: ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗಿನಲ್ಲಿ 259ನೇ ಸಂಖ್ಯೆಯ ಈವೆಂಟ್ ಅದರ ಹೆಸರನ್ನೇ ಹೇಳುತ್ತದೆ. ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಫೈಲ್) ಆಗಿದ್ದರೆ ವರ್ಚುವಲ್ ಮೆಮೊರಿಯಲ್ಲಿ ‘ನೋ ಪೇಜಿಂಗ್ ಫೈಲ್’ ಆರಿಸಿ ರೀಸ್ಟಾರ್ಟ್ ಮಾಡಿ. ರಿಸ್ಟೋರ್ ಪಾಯಿಂಟ್‌ಗಳಾಗಿದ್ದರೆ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ ಅವನ್ನು ಅಳಿಸಿ. ಶ್ರಿಂಕ್ ಆದ ಮೇಲೆ ಎರಡನ್ನೂ ಮರಳಿ ಆನ್ ಮಾಡಲು ಮರೆಯಬೇಡಿ.

ಬಿಡಿಸಿದ ಜಾಗ ‘ಅನ್‌ಅಲೊಕೇಟೆಡ್’ ಆಗಿಯೇ ಇರಲಿ, ಅಲ್ಲಿ ಹೊಸ ವಾಲ್ಯೂಮ್ ಮಾಡಬೇಡಿ. ಡಿಸ್ಕಿನ ಪಾರ್ಟಿಷನ್ ಟೇಬಲ್ ಹಳೆಯ ಎಂಬಿಆರ್ ಬಗೆಯದಾಗಿದ್ದು ನಾಲ್ಕು ಪ್ರೈಮರಿ ಪಾರ್ಟಿಷನ್ ಆಗಲೇ ಇದ್ದರೆ, ಹೊಸ ವಾಲ್ಯೂಮ್ ಮಾಡಹೊರಟಾಗ ವಿಂಡೋಸ್ ಡಿಸ್ಕನ್ನು ‘ಡೈನಾಮಿಕ್ ಡಿಸ್ಕ್’ ಮಾಡಲು ಕೇಳುತ್ತದೆ. ಒಪ್ಪಲೇಬೇಡಿ. ಒಪ್ಪಿದರೆ ಉಬುಂಟು ಇನ್‌ಸ್ಟಾಲರ್‌ಗೆ ಆ ಡಿಸ್ಕಿನಲ್ಲಿ ಕೆಲಸ ಮಾಡುವುದು ಕಷ್ಟ.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ನಿಯಂತ್ರಣ ವ್ಯವಸ್ಥೆ ಕಾರಣವಿರಬಹುದು. ಬಯೋಸ್‌ನಲ್ಲಿ ನೇರವಾಗಿ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ವಿಧಾನಕ್ಕೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ, ಏಕೆಂದರೆ ಬೂಟ್ ಹೊತ್ತಿಗೆ ಬೇಕಾದ ಡ್ರೈವರ್ ಸಿದ್ಧವಿರುವುದಿಲ್ಲ. ಮೊದಲು ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ, ಆಮೇಲೆ ಬಯೋಸ್ ಬದಲಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದರೆ ಡ್ರೈವರ್ ಹೊಂದಿಕೊಳ್ಳುತ್ತದೆ, ನಂತರ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪಾಸ್‌ವರ್ಡ್ ಗೊತ್ತಿರಲಿ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ ಯಂತ್ರದಲ್ಲಿ ಇದನ್ನು ಮಾಡಬೇಡಿ.

ನಂಬಿಕಸ್ಥ ಸಹಿಯಿಲ್ಲದ ಬೂಟ್‌ಲೋಡರನ್ನು (ವ್ಯವಸ್ಥೆಯನ್ನು ಶುರುಮಾಡುವ ಪ್ರೋಗ್ರಾಂ) ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಿಲ್ಲ, ಉಬುಂಟುವಿನ ಬೂಟ್‌ಲೋಡರ್‌ಗೆ ಸಹಿ ಇದೆ. ಇನ್‌ಸ್ಟಾಲರ್‌ನಲ್ಲಿ ಪಾರ್ಟಿಷನ್‌ಗಳನ್ನು ಕೈಯಾರೆ ಆರಿಸುವುದಾದರೆ 100 ಅಥವಾ 260 ಎಂಬಿಯ ಫ್ಯಾಟ್32 ಪಾರ್ಟಿಷನ್ ಕಾಣುತ್ತದೆ. ಅದು ಇಎಫ್‌ಐ. ಉಬುಂಟು ತನ್ನ ಬೂಟ್‌ಲೋಡರನ್ನೂ ಅದರಲ್ಲೇ ಇಡುತ್ತದೆ, ಆದರೆ ಫಾರ್ಮ್ಯಾಟ್ ಟಿಕ್ ಮಾತ್ರ ಹಾಕಬೇಡಿ: ವಿಂಡೋಸ್‌ನ ಬೂಟ್‌ಲೋಡರ್ ಇರುವುದೂ ಅಲ್ಲೇ.