ರಾಜೀನಾಮೆ ಕಾಗದ ಕೊಡುವ ಮೊದಲು

ಕಳೆದ ಚಳಿಗಾಲದಲ್ಲಿ ಗೌರಿಬಿದನೂರು ಕಡೆಯ ಒಬ್ಬ ಹೆಣ್ಣುಮಗಳು ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು 38. ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷದಿಂದ ಟೈಲರ್. ರಕ್ತ ಪರೀಕ್ಷೆಯ ಚೀಟಿಗಳ ಜೊತೆ ಮಡಚಿದ ಇನ್ನೊಂದು ಕಾಗದವನ್ನೂ ಮೇಜಿನ ಮೇಲಿಟ್ಟರು. ಅದು ರಾಜೀನಾಮೆ. "ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಮಗಳ ಕೈಲಿ ಬರೆಸಿದ್ದರು. ಸಹಿ ಮಾತ್ರ ಅವರದು. ಬೆರಳು ಮಡಚಲು ಬಾರದೆ ಅಕ್ಷರ ಸೊಟ್ಟಗಾಗಿತ್ತು.

"ನಾಳೆ ಕೊಟ್ಬಿಡ್ತೀನಿ ಮೇಡಂ. ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ" ಎಂದರು.

ಆಕೆಗೆ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಜನ ವಾಯು, ಕೀಲುವಾತ ಅನ್ನುತ್ತಾರೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತವೆ. ಸಡಿಲವಾಗಲು ಒಂದು ಗಂಟೆ, ಎರಡು ಗಂಟೆ ಬೇಕು. ಆಕೆಗೆ ಇದು ಶುರುವಾಗಿ ಎಂಟು ತಿಂಗಳಾಗಿತ್ತು. ಸರಿಯಾದ ಔಷಧಿ ಶುರುವಾಗಿ ಬರೀ ಮೂರು ವಾರ. ಅಲ್ಲಿಯವರೆಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲೇ ದಿನ ತಳ್ಳಿದ್ದರು.

ಮೂರು ವಾರ ಅಂದದ್ದು ಕೇಳಿ ನಾನು ಆ ಕಾಗದವನ್ನು ವಾಪಸ್ ಅವರ ಕಡೆಗೇ ಸರಿಸಿದೆ. ಈ ಕಾಯಿಲೆಗೆ ನಾವು ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು ಮುಟ್ಟುವಂತಿಲ್ಲ. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ, ಆಗಾಗ ಲಿವರ್ ಮತ್ತು ರಕ್ತಕಣದ ಪರೀಕ್ಷೆ. ಇಷ್ಟೆಲ್ಲ ಮಾಡಿದರೂ ಅದರ ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ. ಮೂರನೇ ವಾರದಲ್ಲಿ ಇರುವ ಕೈ ಇನ್ನೂ ಔಷಧಿ ಕಾಣದ ಕೈಯೇ. ಆ ಕೈಯನ್ನು ನೋಡಿಕೊಂಡು ಮುಂದಿನ ಇಪ್ಪತ್ತು ವರ್ಷದ ದುಡಿಮೆಯನ್ನು ತೀರ್ಮಾನಿಸುವುದು ಬೇಡ ಎಂದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ವೃತ್ತಿಯ ಮೊದಲ ವರ್ಷಗಳಲ್ಲಿ ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ರೇಷ್ಮೆ ನೂಲು ಬಿಚ್ಚುವ ಒಬ್ಬ ಅಮ್ಮ ಬರುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಬಿಸಿನೀರಿನ ಬೇಸಿನ್ ಮುಂದೆ ಕೂತು ಕೆಲಸ. ಕೈ ಬಿಳಿಚಿ, ಚರ್ಮ ಸುಕ್ಕಾಗಿತ್ತು. ಗೆಣ್ಣುಗಳು ಊದಿದ್ದವು. ನೋಡಿದ ಕೂಡಲೇ "ಈ ಕೆಲಸ ಬಿಟ್ಟುಬಿಡಿ ಅಮ್ಮ" ಅಂದುಬಿಟ್ಟೆ. ಅವರು ನನ್ನ ಮಾತು ನಂಬಿ ಬಿಟ್ಟರು. ಐದು ತಿಂಗಳಿಗೆ ಔಷಧಿ ಹಿಡಿಯಿತು, ಊತ ಇಳಿಯಿತು. ಅಷ್ಟರಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. "ಕೈ ಬಂತು ಡಾಕ್ಟ್ರಮ್ಮ, ಕೆಲಸ ಹೋಯ್ತು" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಮಾತಾಡುವಾಗ ಗೊತ್ತಾಯಿತು, ಬಿಸಿನೀರು ಅವರಿಗೆ ಹಿತವಾಗಿಯೇ ಇತ್ತಂತೆ. ಬೆಳಗಿನ ಬಿಗಿತ ಬೇಸಿನ್‌ನಲ್ಲೇ ಸಡಿಲವಾಗುತ್ತಿತ್ತು. ನೋವಾಗುತ್ತಿದ್ದದ್ದು ಗೂಡಿನ ಎಳೆಯ ತುದಿ ಹುಡುಕಿ ಎರಡು ಬೆರಳಲ್ಲಿ ಚಿವುಟಿ ಹಿಡಿಯುವಾಗ. ಅದೊಂದನ್ನು ಕೆಲವು ತಿಂಗಳು ತಪ್ಪಿಸಿ, ಗೂಡು ಆರಿಸುವ ಕೆಲಸಕ್ಕೆ ಕೂರಿಸಿ ಅಂತ ಮಾಲೀಕರಿಗೆ ಬರೆದುಕೊಡಬಹುದಿತ್ತು. ನಾನು ಕೇಳಲೇ ಇಲ್ಲ.

ಈಗ ಕೇಳುತ್ತೇನೆ. ಕೆಲಸ ಅನ್ನುವುದು ಒಂದೇ ಮುದ್ದೆಯಲ್ಲ. ಅದರಲ್ಲಿ ಹತ್ತು ಚಲನೆ ಇರುತ್ತದೆ, ನೋಯಿಸುವುದು ಎರಡೋ ಮೂರೋ. ಹಾಗಾಗಿ ನಾಲ್ಕು ವಾರ ಒಂದು ಸಣ್ಣ ನೋಟ್‌ಬುಕ್ ಇಡಲು ಹೇಳುತ್ತೇನೆ. ಬೆಳಿಗ್ಗೆ ಕೈಕಾಲು ಎಷ್ಟು ಹೊತ್ತಿಗೆ ಸಡಿಲವಾಯಿತು? ಯಾವ ಕೆಲಸ ಮಾಡುವಾಗ ನೋವು ಏರಿತು? ಮನೆಗೆ ಬಂದ ಮೇಲೆ ಮೈಯಲ್ಲಿ ಎಷ್ಟು ಉಳಿದಿತ್ತು? ಈ ಮೂರನೇದನ್ನು ಯಾರೂ ಬರೆಯುವುದಿಲ್ಲ, ನಾನು ಒತ್ತಾಯ ಮಾಡುತ್ತೇನೆ. ಶಿಫ್ಟ್ ಹೇಗೋ ಮುಗಿಸಿ, ಮನೆಗೆ ಬಂದು ತಟ್ಟೆ ತೊಳೆಯಲೂ ಆಗದೆ ಮಲಗುವವರು ಬಹಳ ಜನ. ಫ್ಯಾಕ್ಟರಿಯ ಲೆಕ್ಕದಲ್ಲಿ ಅವರು ಚೆನ್ನಾಗಿದ್ದಾರೆ.

ಆ ನೋಟ್‌ಬುಕ್ ನನಗೂ ದಾರಿ ತೋರಿಸುತ್ತದೆ. ಬೆಳಿಗ್ಗೆ ಜಾಸ್ತಿ ಇದ್ದು ಕೆಲಸ ಮಾಡುತ್ತಾ ಕಡಿಮೆಯಾಗುವ ನೋವು ಬಹುಮಟ್ಟಿಗೆ ಉರಿಯೂತದ್ದು. ಅದಕ್ಕೆ ಔಷಧಿ ಸರಿಮಾಡಬೇಕು, ಅದು ನನ್ನ ಕೆಲಸ. ಕೆಲಸ ಸಾಗಿದಂತೆ ಏರಿ, ಭಾನುವಾರ ಇಳಿಯುವ ನೋವು ದುಡಿತದ ಹೊರೆಯದ್ದು. ಅಲ್ಲಿ ಕೆಲಸದ ರೀತಿ ಬದಲಾಗಬೇಕು.

"ರೆಸ್ಟ್ ತಗೊಳ್ಳಿ" ಅನ್ನುವ ಸಲಹೆ ಎಲ್ಲರಿಗೂ ಒಪ್ಪುವುದಿಲ್ಲ. ದಿನಾ ಬೆಂಗಳೂರಿಗೆ ಬಸ್ಸಲ್ಲಿ ಹೋಗಿಬರುವ ಒಬ್ಬ ಹುಡುಗನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಬೆನ್ನುಮೂಳೆ ಬಿಗಿಯುವ ಕಾಯಿಲೆ. ಅವನಿಗೆ ಮಲಗಿದರೆ ನೋವು ಜಾಸ್ತಿ, ಓಡಾಡಿದರೆ ಕಡಿಮೆ. ಕೆಲಸ ಬಿಟ್ಟು ಮನೆಯಲ್ಲಿ ಮಲಗಿದ್ದರೆ ಬೆನ್ನು ಇನ್ನೂ ಬೇಗ ಬಿಗಿಯುತ್ತಿತ್ತು. ಬಾಗೇಪಲ್ಲಿ ಕಡೆಯಿಂದ ಬೆನ್ನು ಬಿಗಿತ ಅಂತ ಬಂದರೆ ಕೊಳವೆಬಾವಿಯ ನೀರನ್ನೂ ಕೇಳಲೇಬೇಕು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೂ ಮೂಳೆ ಹೀಗೇ ಆಗಬಹುದು. ಆಗ ಮೊದಲು ಬದಲಾಗಬೇಕಾದದ್ದು ಕುಡಿಯುವ ನೀರು.

ಇನ್ನು ದುಡ್ಡಿನ ಮಾತು. ಡಾಕ್ಟರಾಗಿ ಇದನ್ನು ಹೇಳಬೇಕಾ ಎಂದು ಮೊದಲು ಹಿಂಜರಿಯುತ್ತಿದ್ದೆ. ಈಗ ಔಷಧಿ ಚೀಟಿಗಿಂತ ಮೊದಲೇ ಕೇಳುತ್ತೇನೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಹೆಚ್ಚಿನ ಕಾರ್ಖಾನೆ ನೌಕರರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರುತ್ತದೆ. ಚಿಕಿತ್ಸೆ, ಔಷಧಿ ಅದರಲ್ಲೇ ಸಿಗುತ್ತದೆ. ಸಾಕಷ್ಟು ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಕೆಲಸ ಬಿಟ್ಟರೆ ಇದು ಕಟ್ಟಿದ ವಂತಿಗೆಯ ಲೆಕ್ಕದಲ್ಲಿ ಕೆಲವು ತಿಂಗಳು ಉಳಿದು ಆಮೇಲೆ ನಿಲ್ಲುತ್ತದೆ. ಅದರ ಜೊತೆ ಔಷಧಿಯೂ ನಿಲ್ಲುತ್ತದೆ. ಔಷಧಿ ನಿಂತ ಕೀಲು ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಹೇಳುತ್ತಿರುವುದು.

ಮತ್ತೆ ಆ "ಸ್ವಂತ ಕಾರಣಗಳಿಂದ" ಅನ್ನುವ ಸಾಲು. ಎಲ್ಲರೂ ಅದನ್ನೇ ಬರೆಯುತ್ತಾರೆ, ಮರ್ಯಾದೆ ಅನ್ನಿಸುತ್ತದೆ. ಆದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡಿಗಂಟು ಸಿಗಲು ಸಾಮಾನ್ಯವಾಗಿ 5 ವರ್ಷದ ಸೇವೆ ಬೇಕು. ಕಾಯಿಲೆಯಿಂದ ಮೊದಲಿನ ಕೆಲಸ ಮಾಡಲಾಗದೆ ಹೊರಬರುವವರಿಗೆ ಆ 5 ವರ್ಷದ ಷರತ್ತು ಇಲ್ಲ. ಕಾಯಿಲೆಯ ಹೆಸರೇ ಎತ್ತದ ಕಾಗದ ಕೊಟ್ಟರೆ ಮುಂದೆ ಯಾವ ಬಾಯಲ್ಲಿ ಕೇಳುವುದು?

ಸರ್ಕಾರಿ ನೌಕರರಿಗೆ ರಕ್ಷಣೆ ಇನ್ನೂ ಗಟ್ಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ನನ್ನಲ್ಲಿಗೆ ಬರುವ ಒಬ್ಬ ಟೀಚರಿಗೆ ಅಷ್ಟು ದೂರ ಹೋಗುವ ಪ್ರಮೇಯವೇ ಬರಲಿಲ್ಲ. ಒಂದರಿಂದ ಮೂರನೇ ತರಗತಿಯವರ ನಲಿ-ಕಲಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಏಳುವುದು ಮಂಡಿಗೆ ಆಗುತ್ತಿರಲಿಲ್ಲ. ಹೆಡ್‌ಮಾಸ್ಟರ್ ಅವರಿಗೆ ನಾಲ್ಕು, ಐದನೇ ತರಗತಿ ಕೊಟ್ಟರು. ಅಷ್ಟೇ ಸಾಕಾಯಿತು.

ಕಾಗದ, ಕಾಯ್ದೆ ಯಾವುದೂ ಇಲ್ಲದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸರು. ಕೈ ಅತಿ ಬಿಗಿಯಾಗಿರುವ ಹೊತ್ತಿನಲ್ಲೇ, ನಸುಕಿನಲ್ಲಿ, ಹಾಲು ಕರೆಯಬೇಕು. ಕೆಲಸ ಬಿಡಲಾ ಅಂತ ಅವರು ಕೇಳುವುದೇ ಇಲ್ಲ. ಮನೆಯವರೂ ಅದನ್ನು ಕೆಲಸ ಅನ್ನುವುದಿಲ್ಲ. ಅಂಥವರು ಬಂದಾಗ ಗಂಡನನ್ನೋ ಮಗನನ್ನೋ ಒಳಗೆ ಕರೆಯುತ್ತೇನೆ. ಬೆಳಗಿನ ಹಾಲು ನೀವು ಕರೆಯಿರಿ, ಸಂಜೆಯದು ಅವರು ನೋಡಿಕೊಳ್ಳಲಿ ಅಂತ ಅಲ್ಲೇ ಒಪ್ಪಿಸುತ್ತೇನೆ. ಕೆಲವರು ಒಪ್ಪುತ್ತಾರೆ.

ಹಾಗಂತ ಯಾರೂ ಕೆಲಸ ಬಿಡಲೇಬಾರದು ಅಂತ ನಾನು ಹೇಳುವುದಿಲ್ಲ. ಆರು ತಿಂಗಳು ಸರಿಯಾಗಿ ಚಿಕಿತ್ಸೆ ಆದ ಮೇಲೂ, ಕೆಲಸದ ರೀತಿ ಬದಲಿಸಿದ ಮೇಲೂ, ಶಿಫ್ಟ್ ಮುಗಿಸುವುದಕ್ಕೆಂದೇ ದಿನಾ ನೋವಿನ ಮಾತ್ರೆ ನುಂಗಬೇಕಾಗಿದ್ದರೆ ಆ ಕೆಲಸ ಬಿಡಿ ಎಂದೇ ಹೇಳುತ್ತೇನೆ. ಅಂಥ ಸಂಬಳದ ಬೆಲೆಯನ್ನು ಕಿಡ್ನಿ, ಹೊಟ್ಟೆ ತೆರುತ್ತವೆ. ಹಿಡಿತ ತಪ್ಪಿದರೆ ಕೈಯೇ ಹೋಗುವಂಥ ಯಂತ್ರದ ಮುಂದೆ ನಿಲ್ಲುವವರಿಗೆ ಆರು ತಿಂಗಳು ಕಾಯಿರಿ ಅನ್ನುವುದಿಲ್ಲ, ಕೂಡಲೇ ಜಾಗ ಬದಲಿಸಿ ಅನ್ನುತ್ತೇನೆ. ಹೀಗೆ ಬಿಟ್ಟವರು ಸೋತವರಲ್ಲ. ಅವರ ಎದುರು ಹಾಗೆ ಮಾತಾಡುವ ನೆಂಟರಿಗೆ ನಾನೇ ಗದರಿದ್ದೂ ಉಂಟು.

ಗೌರಿಬಿದನೂರಿನ ಆಕೆಗೆ ಅವತ್ತು ಫ್ಯಾಕ್ಟರಿಗೆ ಒಂದು ಪತ್ರ ಕೊಟ್ಟೆ. ಬರೀ "ಲಘು ಕೆಲಸ ಕೊಡಿ" ಅಂತ ಬರೆದರೆ ಸೂಪರ್‌ವೈಸರ್‌ಗೆ ಏನೂ ತಿಳಿಯುವುದಿಲ್ಲ. ಮೂರು ತಿಂಗಳು ದಪ್ಪ ಬಟ್ಟೆ ಎಳೆಯುವುದು, ಕತ್ತರಿ ಹಿಡಿಯುವುದು ಬೇಡ, ಚೆಕಿಂಗ್‌ನಲ್ಲಿ ಕೂರಬಹುದು, ಗಂಟೆಗೊಮ್ಮೆ ಐದು ನಿಮಿಷ ಕೈಗೆ ಬಿಡುವು ಬೇಕು ಎಂದು ಬಿಡಿಸಿ ಬರೆದೆ. ಒಪ್ಪಿದರು. ಹೊಲಿಗೆಯ ಟಾರ್ಗೆಟ್ ಮೇಲೆ ಬರುತ್ತಿದ್ದ ಹೆಚ್ಚಿನ ದುಡ್ಡು ಹೋಯಿತು. ಅದು ಆಕೆಗೆ ಸಣ್ಣ ನಷ್ಟವಲ್ಲ.

ಹೋದ ವಾರ ಮತ್ತೆ ಬಂದಿದ್ದರು. ಬೆಳಗಿನ ಬಿಗಿತ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಬಿಡುವ ಯೋಚನೆ ಮಾತ್ರ ಪೂರ್ತಿ ಹೋಗಿಲ್ಲ. "ಮಗಳ ಪಿಯುಸಿ ಮುಗೀಲಿ, ಆಗ ನೋಡ್ತೀನಿ ಮೇಡಂ" ಅಂದರು. ಆಗಲಿ, ಬಿಡುವುದಾದರೆ ಕಾಗದ ಬರೆಯುವ ಮೊದಲು ಇಲ್ಲಿಗೆ ಬನ್ನಿ, ಈ ಸಲ ಕಾಯಿಲೆಯ ಹೆಸರು ಹಾಕಿ ಬರೆಸೋಣ ಅಂದೆ.