ಬಚ್ಚಲೊಲೆಯ ಹೊಗೆ, ನಡುಗುವ ಎಸ್ಟೀಮ್

ನನ್ನ ಚಿಕ್ಕಮ್ಮನ ಮಗ ಬಸವನಗುಡಿಯಲ್ಲಿ ಒಂದು ಹಳೇ ಮಾರುತಿ ಎಸ್ಟೀಮ್ ಕಾರು ಸಾಕಿಕೊಂಡಿದ್ದಾನೆ. ಕಳೆದ ವರ್ಷ ಅದರ ಇಂಜಿನ್ ವಾಲ್ವ್ ತೆರೆದು ಮುಚ್ಚುವ ದಂಡ ಬದಲಿಸಿ, ರೇಸ್ ಗಾಡಿಯ ಥರದ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕಿಸಿದ. ನೈಸ್ ರೋಡಿನಲ್ಲಿ ಕಾಲು ಒತ್ತಿದರೆ ಗಾಡಿ ಹಾರುತ್ತದೆ. ಸೌತ್ ಎಂಡ್ ಸರ್ಕಲ್‌ನಲ್ಲಿ ಕೆಂಪು ದೀಪ ಬಿತ್ತೋ, ಚಳಿಜ್ವರ ಬಂದಂತೆ ನಡುಗುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪತಿ ಜರುಗಿ ಜರುಗಿ ಸ್ಟೀರಿಂಗ್ ಹತ್ತಿರ ಬಂದು ನಿಲ್ಲುತ್ತಾನೆ. ಎಸಿ ಹಾಕಿದರೆ ಇಂಜಿನ್ ಆಫ್.

ದೃಷ್ಟಿ ಆಗಿದೆ ಅಂತ ಚಿಕ್ಕಮ್ಮ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಒಂದು ಗ್ಯಾರೇಜಿನವರು ಇಂಜೆಕ್ಟರ್ ಕ್ಲೀನಿಂಗ್ ಅಂತ ಎರಡು ಸಲ ದುಡ್ಡು ತೆಗೆದುಕೊಂಡರು. ಗೆಳೆಯರು, "ರೇಸ್ ಕ್ಯಾಮ್ ಅಂದ್ರೆ ಹಂಗೇ ಮಗಾ, ಆ ಸೌಂಡೇ ಗತ್ತು" ಅಂದರು. ಮೂರರಲ್ಲಿ ನಿಂಬೆಹಣ್ಣೇ ವಾಸಿ, ಖರ್ಚು ಕಡಿಮೆ.

ನಡುಕಕ್ಕೆ ಕಾರಣ ಕೊಳೆಯೂ ಅಲ್ಲ, ಗತ್ತೂ ಅಲ್ಲ. ಅದರ ಹೆಸರು ಓವರ್‌ಲ್ಯಾಪ್. ಸುಟ್ಟ ಗಾಳಿ ಹೊರಗೆ ಹೋಗುವ ವಾಲ್ವ್ ಇನ್ನೂ ಮುಚ್ಚಿಲ್ಲ, ಹೊಸ ಗಾಳಿ ಒಳಗೆ ಬರುವ ವಾಲ್ವ್ ಆಗಲೇ ತೆರೆದಿದೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಆ ಹೊತ್ತೇ ಓವರ್‌ಲ್ಯಾಪ್. ಕ್ಯಾಮ್ ಅಂದರೆ ಆ ದಂಡದ ಮೇಲಿನ ಉಬ್ಬು, ವಾಲ್ವ್ ತಳ್ಳುವುದು ಅದೇ. ರೇಸ್ ಕ್ಯಾಮ್ ಈ ಓವರ್‌ಲ್ಯಾಪನ್ನು ಬೇಕಂತಲೇ ಹಿಗ್ಗಿಸುತ್ತದೆ.

ಇಲ್ಲೊಂದು ಮಜಾ ಇದೆ. ಕ್ಯಾಮ್‌ಗೆ ಗಡಿಯಾರ ಗೊತ್ತಿಲ್ಲ, ಇಂಜಿನ್‌ನ ಮುಖ್ಯ ದಂಡ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿತು ಅನ್ನುವುದು ಮಾತ್ರ ಗೊತ್ತು (ಒಂದು ಸುತ್ತಿಗೆ 360). 60 ಡಿಗ್ರಿ ಓವರ್‌ಲ್ಯಾಪ್ ಅಂತಿಟ್ಟುಕೊಳ್ಳಿ. 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಕ್ರ್ಯಾಂಕ್ ಒಂದು ಸುತ್ತು ಬರಲು 10 ಮಿಲಿಸೆಕೆಂಡ್ ಸಾಕು. ಹಾಗಾದರೆ ಎರಡೂ ಬಾಗಿಲು ಒಟ್ಟಿಗೆ ತೆರೆದಿರುವುದು ಬರೀ 1.7 ಮಿಲಿಸೆಕೆಂಡ್. 800 ಆರ್‌ಪಿಎಂಗೆ ಇಳಿದರೆ ಅದೇ 60 ಡಿಗ್ರಿಗೆ 12.5 ಮಿಲಿಸೆಕೆಂಡ್. ಡಿಗ್ರಿ ಅಷ್ಟೇ, ಹೊತ್ತು ಮಾತ್ರ ಏಳೂವರೆ ಪಟ್ಟು. ಗಾಳಿಗೆ ಡಿಗ್ರಿ ಗಿಗ್ರಿ ಏನೂ ಗೊತ್ತಿಲ್ಲ. ಬಾಗಿಲು ಎಷ್ಟು ಹೊತ್ತು ತೆರೆದಿದೆ, ಒತ್ತಡ ಎಲ್ಲಿ ಕಡಿಮೆ ಇದೆ, ಅದಷ್ಟೇ ಲೆಕ್ಕ.

ನಮ್ಮಜ್ಜಿ ಮನೆಯಲ್ಲಿ ಹಿತ್ತಲಿಗೆ ಅಂಟಿಕೊಂಡಂತೆ ಬಚ್ಚಲುಮನೆ, ಅಲ್ಲಿ ಹಂಡೆ ಒಲೆ. ಮುಂಬಾಗಿಲಿನಿಂದ ಜೋರು ಗಾಳಿ ಬೀಸುವ ದಿನ ಹಿತ್ತಿಲ ಬಾಗಿಲೂ ತೆಗೆದಿಟ್ಟರೆ ಹೊಗೆಯೆಲ್ಲ ಸರಾಗವಾಗಿ ಹೊರಗೆ ಹೋಗುತ್ತಿತ್ತು. ಗಾಳಿಯಿಲ್ಲದ ದಿನ ಅದೇ ಹೊಗೆ ನಡುಮನೆಗೆ ನುಗ್ಗಿ ಎಲ್ಲರ ಕಣ್ಣಲ್ಲೂ ನೀರು. 6000 ಆರ್‌ಪಿಎಂ ಅಂದರೆ ಬಿರುಗಾಳಿಯ ದಿನ. ಹೊರಗೆ ಓಡುವ ಹೊಗೆ ಹೊಸ ಗಾಳಿಯನ್ನೂ ಹಿಂದೆಯೇ ಎಳೆದುಕೊಳ್ಳುತ್ತದೆ, ಪಿಕಪ್ ಬರುವುದು ಅಲ್ಲಿಂದ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ, ಗಾಳಿ ಬಿಡುವ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಗಾಳಿ ಒಳಗೆ ತರುವ ಪೈಪು, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಕಡಿಮೆ. ಹಾಗಾಗಿ ಸೈಲೆನ್ಸರ್ ಕಡೆಯ ಹೊಗೆ ವಾಪಸ್ ನಡುಮನೆಗೇ, ಅಂದರೆ ಇಂಜಿನ್ ಒಳಗೇ ಬರುತ್ತದೆ.

ಹೊಗೆ ಬೆರೆತ ಪೆಟ್ರೋಲ್ ಗಾಳಿ ಹಸಿ ಸೌದೆ ಇದ್ದಂತೆ. ಒಂದು ಸಲ ಹತ್ತುತ್ತದೆ, ಒಂದು ಸಲ ಬುಸ್ಸೆನ್ನುತ್ತದೆ. ಒಂದು ಸಿಲಿಂಡರ್ ಉರಿದರೆ ಪಕ್ಕದ್ದು ಮಿಸ್ಸಿಂಗ್. ಗಣಪತಿ ಜರುಗುವುದು ಇದಕ್ಕೇ.

ಆಮೇಲೆ ಕಂಪ್ಯೂಟರ್ ಮೋಸ ಹೋಗುತ್ತದೆ. ಉರಿಯದೆ ಉಳಿದ ಆಮ್ಲಜನಕ ಸೈಲೆನ್ಸರಿಗೆ ಬಂದರೆ ಆಕ್ಸಿಜನ್ ಸೆನ್ಸರ್, 'ಪೆಟ್ರೋಲ್ ಕಡಿಮೆ ಆಯ್ತು' ಅನ್ನುತ್ತದೆ. ಇತ್ತ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್, ಗಾಳಿ ಜಾಸ್ತಿ ಬಂದಿದೆ ಅಂದುಕೊಳ್ಳುತ್ತದೆ. ಜಾಸ್ತಿ ಬಂದಿರುವುದು ಹೊಗೆ! ಇಬ್ಬರ ಮಾತೂ ನಂಬಿ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ತಮ್ಮನ ಗಾಡಿಯ ಪ್ಲಗ್ ಬಿಚ್ಚಿದಾಗ ತುದಿ ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಇಂಜೆಕ್ಟರ್ ತೊಳೆದರೆ ಏನು ಬಂತು? ಸುಳ್ಳು ಕೇಳಿ ಜಾಸ್ತಿ ಬಡಿಸುವವನ ಸೌಟು ತೊಳೆದಂತೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕ್ಯಾಮ್ ಬಹಳ ಹಳೆಯದು. ಸುಮಾರು 2000 ವರ್ಷಗಳ ಹಿಂದೆ, ಹಾನ್ ಅರಸರ ಕಾಲದಲ್ಲೇ ಚೀನಾದವರು ನೀರಿನ ಚಕ್ರಕ್ಕೆ ಇದನ್ನು ಸಿಕ್ಕಿಸಿ ಒನಕೆ ಎತ್ತಿ ಬೀಳಿಸಿ ಕಾಳು ಕುಟ್ಟುತ್ತಿದ್ದರು. ಒನಕೆಗೆ ಒಂದೇ ವೇಗ, ಒಂದೇ ಕೆಲಸ, ಹಟಮಾರಿ ಕ್ಯಾಮ್ ಸಾಕಿತ್ತು. ಉಗಿಬಂಡಿ ಬಂದಾಗ ಸಾಲಲಿಲ್ಲ. 1842ರಲ್ಲಿ ಇಂಗ್ಲೆಂಡಿನ ಸ್ಟೀಫನ್‌ಸನ್ ಕಂಪನಿಯ ಕೆಲಸಗಾರರು, ಉಗಿ ಎಷ್ಟು ಹೊತ್ತು ಒಳಗೆ ಬರಬೇಕು ಅನ್ನುವುದನ್ನು ಡ್ರೈವರ್ ಲಿವರ್‌ನಲ್ಲೇ ಬದಲಿಸುವ ಜೋಡಣೆ ಮಾಡಿದರು. ಮೈಸೂರಿನ ರೈಲು ಮ್ಯೂಸಿಯಂಗೆ ಹೋದರೆ ಉಗಿ ಇಂಜಿನ್‌ನ ರಿವರ್ಸಿಂಗ್ ಲಿವರ್ ನೋಡಿ ಬನ್ನಿ, ಆ ಕೆಲಸ ಮಾಡುವುದು ಅದೇ. ಕಾರುಗಳು ಮಾತ್ರ 1980ರ ಇಟಲಿಯ ಆಲ್ಫಾ ರೋಮಿಯೋ ಕಾರಿನ ತನಕ ಕಾಯಬೇಕಾಯಿತು. 1989ರಲ್ಲಿ ಹೋಂಡಾದ ವಿಟೆಕ್ ಇಂಜಿನ್ ಒಂದೇ ದಂಡದ ಮೇಲೆ ಸಾಧು ಕ್ಯಾಮ್, ಪುಂಡ ಕ್ಯಾಮ್ ಎರಡನ್ನೂ ಕೂರಿಸಿತು. ಸಿಗ್ನಲ್‌ನಲ್ಲಿ ಸಾಧು, ಹೈವೇಯಲ್ಲಿ ಪುಂಡ.

ಎಸ್ಟೀಮ್‌ಗೆ ಆ ಭಾಗ್ಯ ಇಲ್ಲ. ಅದರಲ್ಲಿ ಇರುವುದೇ ಒಂದು ಕ್ಯಾಮ್‌ಶಾಫ್ಟ್, ಎರಡೂ ಬಗೆಯ ವಾಲ್ವ್‌ಗೂ ಅದೇ. ಓವರ್‌ಲ್ಯಾಪ್ ಎಷ್ಟು ಅನ್ನುವುದು ಕ್ಯಾಮ್ ಉಜ್ಜಿ ರೂಪಿಸುವಾಗಲೇ ತೀರ್ಮಾನ ಆಗಿಹೋಗಿರುತ್ತದೆ. ಆಚೀಚೆ ಮಾಡಲು ಉಳಿಯುವುದು ಟ್ಯಾಪೆಟ್ ಸಂದು, ಅಂದರೆ ಕ್ಯಾಮ್ ಮತ್ತು ವಾಲ್ವ್ ನಡುವೆ ಬಿಡುವ ಸಣ್ಣ ಜಾಗ, ಅಷ್ಟೇ. ಅದೂ ತಮ್ಮನ ಗಾಡಿಯಲ್ಲಿ ಬಿಗಿಯಾಗಿತ್ತು. ಸಂದು ಕಡಿಮೆಯಾದರೆ ವಾಲ್ವ್ ಇನ್ನೂ ಬೇಗ ತೆರೆದು ಇನ್ನೂ ತಡವಾಗಿ ಮುಚ್ಚುತ್ತದೆ, ಹೊಗೆಗೆ ಇನ್ನಷ್ಟು ಹೊತ್ತು.

ಟ್ಯಾಪೆಟ್ ಸರಿಮಾಡಿ, ಮ್ಯಾನಿಫೋಲ್ಡ್ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಅಂತ ತೋರಿಸುವ ವ್ಯಾಕ್ಯೂಮ್ ಗೇಜ್ ಹಾಕಿದೆವು. ಪುಸ್ತಕಗಳಲ್ಲಿ 18ರಿಂದ 20 ಇಂಚು (ಪಾದರಸದ ಲೆಕ್ಕದಲ್ಲಿ) ಬರಬೇಕು ಅಂತಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ, ಒಳ್ಳೆಯ ಇಂಜಿನ್ ಕೂಡ ಇಲ್ಲಿ 3 ಇಂಚು ಕಡಿಮೆಯೇ ತೋರಿಸುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಪಿಸ್ಟನ್ ರಿಂಗ್ ಬದಲಿಸಿದವರನ್ನು ನೋಡಿದ್ದೇನೆ. ನಮ್ಮ ಮುಳ್ಳು 8 ಮತ್ತು 11ರ ನಡುವೆ ಪತರಗುಟ್ಟುತ್ತಿತ್ತು. ಇದೇ ವ್ಯಾಕ್ಯೂಮ್‌ನಿಂದ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್‌ನ ಪೈಪಿನಲ್ಲಿ ಒಂದು ಬಿರುಕೂ ಸಿಕ್ಕಿತು. ಅದು ಮೊದಲೇ ಸಿಕ್ಕಿದ್ದರೆ ಅರ್ಧ ರಗಳೆ ತಪ್ಪುತ್ತಿತ್ತು.

ಉಳಿದದ್ದು ಟ್ಯೂನಿಂಗ್. ಐಡ್ಲಿಂಗ್ 800ರಿಂದ 1000ಕ್ಕೆ ಏರಿಸಿದೆವು. ಆ 12.5 ಮಿಲಿಸೆಕೆಂಡ್ 10ಕ್ಕೆ ಇಳಿಯಿತು, ಹೊಗೆ ನುಗ್ಗಲು ಹೊತ್ತು ಕಡಿಮೆ. ಪಿಸ್ಟನ್ ಮೇಲೆ ತಲುಪುವ 10 ಡಿಗ್ರಿ ಮೊದಲು ಹೊಡೆಯುತ್ತಿದ್ದ ಕಿಡಿಯನ್ನು 18 ಡಿಗ್ರಿ ಮೊದಲೇ ಹೊಡೆಯುವಂತೆ ಮಾಡಿದೆವು. ಹಸಿ ಸೌದೆ ಇದ್ದ ದಿನ ಅಜ್ಜಿ ಅರ್ಧ ಗಂಟೆ ಮೊದಲೇ ಒಲೆ ಹಚ್ಚುತ್ತಿದ್ದರಲ್ಲ, ಅದೇ ಲೆಕ್ಕ. ಇನ್ನು ಆ ಸುಳ್ಳುಗಾರ ಆಕ್ಸಿಜನ್ ಸೆನ್ಸರ್: ಐಡ್ಲಿಂಗ್‌ನಲ್ಲಿ ಮಾತ್ರ ಅದರ ಮಾತು ಕೇಳಬೇಡ ಅಂತ ಕಂಪ್ಯೂಟರಿಗೆ ಹೇಳಿಸಿದೆವು, ಥ್ರಾಟಲ್ ಎಷ್ಟು ತೆರೆದಿದೆಯೋ ನೋಡಿ ಬಡಿಸು ಅಂದೆವು.

ಈಗ ಮುಳ್ಳು 12ರ ಸುತ್ತಮುತ್ತ ಮೆಲ್ಲಗೆ ಉಸಿರಾಡುತ್ತದೆ. ಎಸಿ ಹಾಕಿದರೆ ಒಮ್ಮೆ ಕುಗ್ಗಿ ಮತ್ತೆ ಏಳುತ್ತದೆ. ಶೋರೂಮ್ ಗಾಡಿಯ ನಯ ಇಲ್ಲ, ಬರುವುದೂ ಇಲ್ಲ. ವ್ಯಾಕ್ಯೂಮ್ ಕಡಿಮೆ ಇರುವುದರಿಂದ ಬ್ರೇಕ್ ಪೆಡಲ್ ಇನ್ನೂ ಸ್ವಲ್ಪ ಗಟ್ಟಿ, ಟ್ರಾಫಿಕ್‌ನಲ್ಲಿ ಮೂರು ಸಲ ಒತ್ತಿದರೆ ನಾಲ್ಕನೆಯದಕ್ಕೆ ಕಾಲು ನೋಯುತ್ತದೆ. ಅದಕ್ಕೆ ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಟ್ಯಾಂಕ್ ಒಂದು ಬೇಕು ಅಂತ ತಮ್ಮ ಎರಡು ವಾರದಿಂದ ಗಾಡಿ ಸಾಮಾನು ಸಿಗುವ ಜೆ.ಸಿ. ರೋಡ್ ಸುತ್ತುತ್ತಿದ್ದಾನೆ. "ಅಣ್ಣಾ, ಹಳೇ ಡೀಸೆಲ್ ಗಾಡೀದು ಸಿಕ್ಕಿದೆ, ಆಗುತ್ತಾ?" ಅಂತ ನಿನ್ನೆ ಫೋಟೋ ಕಳಿಸಿದ. ಒಳಗೆ ತುಕ್ಕು ಕಾಣುತ್ತಿತ್ತು. ಬೇಡ ಅಂದೆ.